ದಬ್ಬಳ ಹಿಡಿದ ಮಂಜುಶ್ರೀ

ರೀ,

ಬೀರುವಿನಲ್ಲಿ ಹೊದಿಕೆಗಳ ಹಿಂದೆ ನೀವು ಬಚ್ಚಿಟ್ಟಿದ್ದ ಬೋಧಿಸತ್ವ ಮಂಜುಶ್ರೀಯ ಮೂರ್ತಿಯನ್ನು ಮತ್ತೆ ನನ್ನ ಧ್ಯಾನದ ಮಣೆಯ ಮೇಲೆ ಕೂರಿಸಿದ್ದೇನೆ. ಅದರ ಕೈಯಿಂದ ನೀವು ಕಿತ್ತು ಸೂಜಿ ಡಬ್ಬಿಗೆ ಹಾಕಿದ್ದ ಕತ್ತಿಯನ್ನೂ ಸಿಕ್ಕಿಸಿದ್ದೇನೆ. ಹೌದು, ಅದು ಹಾಸಿಗೆ ಹೊಲಿಯುವ ದಬ್ಬಳವೇ. ಅಜ್ಞಾನ ಕತ್ತರಿಸುವ ಕತ್ತಿ ಅಂತ ನನ್ನ ಹತ್ತಿರ ಇದ್ದದ್ದು ಅದೊಂದೇ.

ಇವತ್ತು ನಿಮ್ಮ ಅಣ್ಣ ಬರುತ್ತಾರೆ. ಹಾಲು ಕಾಯಿಸಿಟ್ಟಿದ್ದೇನೆ, ಮತ್ತೆ ಬಿಸಿ ಮಾಡುವಾಗ ಉಕ್ಕಿಸಬೇಡಿ. ಅವರಿಗೆ ಸಕ್ಕರೆ ಬೇಡ, ಕೇಳಿದರೂ ಬೇಡ. ಹಾಸಿಗೆ ಅಂಗಡಿಯಲ್ಲಿ ಇವತ್ತು ಕೆಲಸ ಜಾಸ್ತಿ, ನಾನು ಬರುವುದು ಸಂಜೆಗೇ.

ಮೂರ್ತಿಯನ್ನು ಮಾತ್ರ ಮುಟ್ಟಬೇಡಿ. ಹೋದ ಸಲ ಅವರು "ಮೂಗು ಸೊಟ್ಟ ಇದೆಯಲ್ಲೋ, ಯಾರು ಮಾಡಿದ್ದು?" ಅಂದಾಗ ನೀವು "ಯಾವುದೋ ಅಂಗಡೀಲಿ ಅಗ್ಗಕ್ಕೆ ಸಿಕ್ತು ಅಣ್ಣ" ಅಂದುಬಿಟ್ಟಿರಿ. ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಮೂಗು ಸೊಟ್ಟ ಇರುವುದು ನಿಜ, ಅದಕ್ಕೆ ಬೇಜಾರಿಲ್ಲ. ಆದರೆ ಮಣ್ಣು ಕಲಸಿ ಒಂದೊಂದು ಬೆರಳನ್ನೂ ತಿದ್ದಿದವಳು ಎದುರಿಗೇ ಇರುವಾಗ ಹಾಗೆ ಹೇಳಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಇನ್ನು ಮೇಲೆ ಅದು ಬೀರುವಿಗೆ ಹೋಗುವುದಿಲ್ಲ, ಯಾರೇ ಬರಲಿ. ಈ ಸಲ ಕೇಳಿದರೆ "ನನ್ನ ಹೆಂಡತಿ ಮಾಡಿದ್ದು" ಅನ್ನಿ. ಅಷ್ಟು ಸಾಕು, ಹೊಗಳುವುದೇನೂ ಬೇಡ. ಅಷ್ಟು ಹೇಳಲೂ ಬಾಯಿ ಬರದಿದ್ದರೆ, ಮೂರ್ತಿಯ ಪಾದದ ಹತ್ತಿರ ಇಟ್ಟಿರುವ ಈ ಚೀಟಿಯನ್ನು ಅಲ್ಲಿಂದ ತೆಗೆಯಬೇಡಿ.

ಅವರೇ ಓದಿಕೊಳ್ಳಲಿ.