ನಮ್ಮ ತೊಟ್ಟಿಗೆ ಇಳಿದ ಟೆಂಟ್ ಸಿನಿಮಾದ ಕೊಂಬು

ನನ್ನ ಮನೆಯೊಡತಿ ಅಮ್ಮಣ್ಣಿಗೆ,

ಗುಂಡ್ಲುಪೇಟೆಯಿಂದ ನಿನ್ನ ಯಜಮಾನ ಬರೆಯುವುದು. ನಾನು ಚೆನ್ನಾಗಿದ್ದೇನೆ, ನಿನ್ನವ್ವನೂ ಚೆನ್ನಾಗಿದ್ದಾರೆ, ಈರುಳ್ಳಿ ಮಂಡಿಯೂ ನಡೆಯುತ್ತಿದೆ. ನಮ್ಮ ತೊಟ್ಟಿಯಂಗಳದ ಅರ್ಧ ಭಾಗ ಮಾತ್ರ ಈಗ ನಮ್ಮದಾಗಿ ಉಳಿದಿಲ್ಲ. ಅಲ್ಲಿ ಒಂದು ಮರದ ಕೊಂಬು ಕೂತಿದೆ. ಟೆಂಟ್ ಸಿನಿಮಾದವರು ಪರದೆಯ ಹಿಂದೆ ಇಟ್ಟಿರುತ್ತಾರಲ್ಲ, ಆ ಹಾರನ್ ಸ್ಪೀಕರು. ನೀನಿದ್ದಿದ್ದರೆ ಅದನ್ನು ಬೀದಿ ಬಾಗಿಲಲ್ಲೇ ತಡೆದು, ಒಂದೋ ಇದು ಇರಬೇಕು ಇಲ್ಲವೇ ನಾನು ಇರಬೇಕು ಅನ್ನುತ್ತಿದ್ದೆ. ಬೀದಿ ಬಾಗಿಲಲ್ಲಿ ಅದು ಹೇಗೂ ಹಿಡಿಸಲಿಲ್ಲ, ಆ ಕಥೆ ಮುಂದೆ ಹೇಳುತ್ತೇನೆ.

ಮೊದಲು ಆ ಬೆಳಿಗ್ಗೆಯ ವಿಷಯ. ನೀನು ಹೊರಟ ಬೆಳಿಗ್ಗೆ. ನಿನ್ನವ್ವನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡು ಮೆಲ್ಲಗೆ ಅಂದೆಯಲ್ಲ, “ಅವ್ವ, ಇವ್ರು ಒಬ್ರೇ ಕುಂತು ಉಣ್ಣಕಿಲ್ಲ. ನೀನು ಇಲ್ಲೇ ಇರು. ಮಗಳ ಮನೆ ಅಂತ ನಾಚ್ಕಬ್ಯಾಡ.” ಅವರು ಬಗ್ಗಿದರು, ಕಿವಿ ಕೊಟ್ಟರು, ತಲೆಯನ್ನೂ ಆಡಿಸಿದರು. ನೀನು ಸಮಾಧಾನವಾಗಿ ಕಣ್ಣು ಮುಚ್ಚಿದೆ. ಆದರೆ ಅಮ್ಮಣ್ಣಿ, ಅವರಿಗೆ ಒಂದು ಅಕ್ಷರವೂ ಕೇಳಿಸಿರಲಿಲ್ಲ. ಹನ್ನೊಂದನೆಯ ದಿನ ಕಳೆದ ಮೇಲೆ ನನ್ನನ್ನು ಕೇಳಿದರು, “ಕಡೇಲಿ ಏನಂದ್ಲು ಅಳಿದೇವ್ರೆ?” ಆಮೇಲೆ ಹೇಳುತ್ತೇನೆ ಅಂತ ಕೈಸನ್ನೆ ಮಾಡಿದೆ. ಆ ಆಮೇಲೆ ಎರಡು ವರ್ಷವಾಯಿತು.

ಯಾಕೆ ಹೇಳಲಿಲ್ಲ ಅಂತ ಬೈಯಬೇಡ. ನಿನ್ನವ್ವನ ಹತ್ತಿರ ಒಂದು ಲೋಟ ನೀರು ಕೇಳಬೇಕಾದರೂ ಎದುರು ಸಾಲಿನವರಿಗೆಲ್ಲ ಬಾಯಾರಿಕೆ ಆಗುವಷ್ಟು ಕೂಗಬೇಕು. ಓದು ಬಾರದವರಿಗೆ ಬರೆದು ತೋರಿಸುವ ಹಾಗೂ ಇಲ್ಲ. ನೀನು ಅಷ್ಟು ಮೆಲ್ಲಗೆ ಅಂದ ಮಾತನ್ನು ನಾನು ಕಿರುಚಿ ಹೇಳುವುದು ಹೇಗೆ? ಹೇಳಿದರೂ ಅದರ ಅರ್ಥ ಏನಾಗುತ್ತಿತ್ತು? ನನಗೆ ಅನ್ನ ಮಾಡಿಹಾಕಿಕೊಂಡು ಇಲ್ಲೇ ಇರಿ ಅಂತ ನಿಮ್ಮ ಮಗಳು ಹೇಳಿದ್ದಾಳೆ ಅಂತ ಅಳಿಯನೇ ಅತ್ತೆಗೆ ಬೀದಿಗೆಲ್ಲ ಕೇಳುವಂತೆ ಸಾರಿದ ಹಾಗೆ. ಅವರೇ ನಂಬುತ್ತಿದ್ದರೋ ಇಲ್ಲವೋ. ಸುಮ್ಮನಿದ್ದೆ. ನಾನು ಸುಮ್ಮನಿದ್ದಷ್ಟೂ ಅವರು ಬೇರೆಯೇ ಲೆಕ್ಕ ಹಾಕಿದರು. ಮಗಳು ಏನೋ ನೊಂದುಕೊಂಡು ಹೋದಳು, ಅದಕ್ಕೇ ಅಳಿಯ ಬಾಯಿ ಬಿಡುತ್ತಿಲ್ಲ ಅಂತ ಎದುರು ಮನೆಯವರ ಹತ್ತಿರ ಅಂದರಂತೆ. ಈ ಸಲ ನಿನ್ನಣ್ಣ ಮಲ್ಲಣ್ಣ ಸಂತೆಮರಹಳ್ಳಿಯಿಂದ ಹೇಳಿ ಕಳಿಸಿದ, ಮಗಳೇ ಇಲ್ಲದ ಮನೆಯಲ್ಲಿ ಅವ್ವ ಇರುವುದು ಚೆನ್ನಾಗಿರುವುದಿಲ್ಲ, ದಸರಾ ಕಳೆದ ಸೋಮವಾರ ಬಂದು ಕರೆದುಕೊಂಡು ಹೋಗುತ್ತೇನೆ ಅಂತ. ನಿನ್ನವ್ವ ಆಗಲೇ ಸೀರೆ ಮಡಿಸಿ ಗಂಟು ಕಟ್ಟಲು ಶುರು ಮಾಡಿದ್ದರು.

ಆ ವಾರವೇ ನಾನು ಗೋಣಿಚೀಲ ನೋಡಲು ಚಾಮರಾಜನಗರಕ್ಕೆ ಹೋಗಿದ್ದೆ. ಟೆಂಟ್ ಸಿನಿಮಾದ ಹತ್ತಿರ ಹಾದು ಬಂದೆ, ಹಿಂದೊಮ್ಮೆ ಮಳೆ ಬಂದು ಅರ್ಧ ಆಟಕ್ಕೇ ನಾವಿಬ್ಬರೂ ಎದ್ದು ಬಂದೆವಲ್ಲ, ಅದೇ ಜಾಗ. ಅವರು ಹೊಸ ಸ್ಪೀಕರು ತರಿಸಿಕೊಂಡು ಹಳೆಯದನ್ನು ಆಚೆ ಹಾಕಿದ್ದರು. ಅದರ ಬಾಯೊಳಗೆ ಒಂದು ಆಡು ಎರಡು ಮರಿಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿತ್ತು. ಬಾಯಿ ನನ್ನ ಹೆಗಲೆತ್ತರ. ಹಿಂದೆ ಹೋಗುತ್ತ ಹೋಗುತ್ತ ಸಣ್ಣಗಾಗಿ ಕಡೆಗೆ ರೂಪಾಯಿ ಬಿಲ್ಲೆಯಗಲದ ಒಂದು ತೂತು. ಆ ತೂತಿಗೆ ಕಬ್ಬಿಣದ ಗುಂಡುಕಲ್ಲಿನಂಥ ಒಂದು ಯೂನಿಟ್ಟು ತಿರುಪಿದ್ದರು. ಸದ್ದು ಹುಟ್ಟುವುದು ಅದರಲ್ಲಿ, ಮರದ ಕೊಂಬು ಅದನ್ನು ದೊಡ್ಡದು ಮಾಡಿ ಆಚೆ ಕಳಿಸುತ್ತದೆ. ಸೌಂಡ್ ಈಸ್ ಎ ವೇವ್ ಮೋಷನ್ ಇನ್ ದಿ… ಮೀಡಿಯಮ್ಮೋ ಏನೋ, ಇಂಟರ್‌ಮೀಡಿಯೆಟ್‌ನಲ್ಲಿ ಬರೆಸಿದ್ದರು. ಅದನ್ನು ನೋಡುತ್ತಿದ್ದ ಹಾಗೇ ನನಗೆ ಅನ್ನಿಸಿತು, ಸಾವಿರ ಜನಕ್ಕೆ ಕೇಳಿಸಿದ್ದು ನಮ್ಮತ್ತೆಮ್ಮ ಒಬ್ಬರಿಗೆ ಕೇಳಿಸುವುದಿಲ್ಲವೆ? ಗೋಣಿಚೀಲ ಮರೆತೇ ಹೋಯಿತು.

ಕೊಂಬನ್ನು ಕೊಂಡು ಲಾರಿಯಲ್ಲಿ ಹಗ್ಗ ಬಿಗಿದು ತರುವಾಗ ಉಡಿಗಾಲದಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಜನ ಸುತ್ತಿಕೊಂಡು, ಯಾವ ಪಿಚ್ಚರು, ಟೆಂಟು ಎಲ್ಲಿ ಹಾಕುತ್ತೀರಿ ಅಂತ ಕೇಳಿದರು. ಇವರ ಮನೆಯಲ್ಲಿ, ಒಬ್ಬರೇ ಪ್ರೇಕ್ಷಕರು ಅಂದ ನಮ್ಮ ಡ್ರೈವರು. ಮನೆಗೆ ಬಂದರೆ ಬಾಗಿಲಲ್ಲಿ ಕೊಂಬು ಉದ್ದಕ್ಕೂ ಹಿಡಿಸಲಿಲ್ಲ, ಅಡ್ಡಕ್ಕೂ ಹಿಡಿಸಲಿಲ್ಲ. ಕಡೆಗೆ ಮಂಡಿಯ ಹಮಾಲಿಗಳು ನಾಲ್ಕು ಜನ ಹೆಂಚಿನ ಮೇಲೆ ಹತ್ತಿ, ತೊಟ್ಟಿಯ ಬಯಲಿನಿಂದ ಹಗ್ಗದಲ್ಲಿ ಇಳಿಬಿಟ್ಟರು. “ಮೆಲ್ಲುಗೆ ಇಳುಸ್ರಲಾ, ಮದ್ವೆ ಗಂಡು ಬತ್ತಾ ಅವ್ನೆ,” ಅಂತ ಕೆಳಗಿನಿಂದ ಒಬ್ಬ. ಹೆಂಚು ಎಷ್ಟು ಒಡೆದವು ಅಂತ ನೀನು ಕೇಳಬೇಡ. ನಿನ್ನವ್ವ ಅಡುಗೆ ಮನೆಯಿಂದ ಬಂದು ಒಂದು ಸುತ್ತು ಹಾಕಿ, ಬಗ್ಗಿ ಒಳಗೆ ನೋಡಿ, ರಾಗಿ ತುಂಬುವ ವಾಡೆ ಅಂದುಕೊಂಡು ಕೇಳಿದರು, “ಇದ್ಯಾತರ ವಾಡೆ ಅಳಿದೇವ್ರೆ, ತಳಾನೇ ಇಲ್ಲ?”

ಬಸ್ ಸ್ಟ್ಯಾಂಡಿನ ಹತ್ತಿರ ಲಾರಿಗಳ ಡೈನಮೋ ಸುತ್ತುವ ಶಂಕರನ್ ಗೊತ್ತಲ್ಲ, ವಯನಾಡಿನ ಕಡೆಯವನು, ನಿನ್ನ ಕೈಯ ಉಪ್ಪಿನಕಾಯಿಗೆ ಕಾಯುತ್ತಿದ್ದನಲ್ಲ, ಅವನನ್ನೇ ಕರೆಸಿದೆ. ಯೂನಿಟ್ಟು ಬಿಚ್ಚಿದರೆ ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅದರಲ್ಲಿ ಅದುರಿ ಸದ್ದು ಮಾಡುವ ತೆಳು ತಗಡಿನ ಬಿಲ್ಲೆ ಇರುತ್ತದೆ. ಅದು ಒಂದು ಕಡೆ ಸೀಳಿತ್ತು. ಶಂಕರನ್ ಮೈಸೂರಿನಿಂದ ಹೊಸ ಬಿಲ್ಲೆ ತಂದ, ಕೂದಲೆಳೆಯಂಥ ತಂತಿಯನ್ನು ನಾಲ್ಕು ದಿನ ಕೂತು ಸುತ್ತಿದ. ಈ ಯೂನಿಟ್ಟಿನ ಒಳಗೆ ಆಯಸ್ಕಾಂತ ಇಲ್ಲ, ಕರೆಂಟು ಕೊಟ್ಟರೆ ಕಬ್ಬಿಣವೇ ಆಯಸ್ಕಾಂತ ಆಗುತ್ತದೆ ಅಂತ ಲಾರಿ ಬ್ಯಾಟರಿಯೊಂದನ್ನು ತಂದು ನಿನ್ನ ತುಳಸಿ ಕಟ್ಟೆಯ ಪಕ್ಕ ಇಟ್ಟ. ರೇಡಿಯೊದ ಬೆನ್ನಿನಿಂದ ಎರಡು ತಂತಿ ಎಳೆದು ಕಿವಿ ತಿರುವಿದ್ದೇ ತಡ, ಯಾರೋ ಪುಣ್ಯಾತ್ಮರು ಬಾರಿಸುತ್ತಿದ್ದ ಪಿಟೀಲು ನಮ್ಮ ಕಂಬಗಳನ್ನೆಲ್ಲ ಅದುರಿಸಿತು. ಎದುರು ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಹೋಯಿತು. ನಿನ್ನವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, ಗುಂಯ್ ಅನ್ನುತ್ತದೆ, ಏನೂ ತಿಳಿಯುವುದಿಲ್ಲ ಅಂದರು.

ಅಲ್ಲಿಂದ ಶುರುವಾಯಿತು ನೋಡು ನಮ್ಮ ಇಂಪ್ರೂವ್‌ಮೆಂಟು. ಹಲಗೆ ಕೂಡುವ ಕಡೆಯಲ್ಲೆಲ್ಲ ಸೆಣಬು ತುರುಕಿ ಟಾರು ಬಳಿದೆವು. ಹೊರಮೈಗೆ ಗೋಣಿ ತಾಟು ಎರಡು ಸುತ್ತು ಸುತ್ತಿದೆವು, ಮರ ತಾನೇ ಗುಂಯ್‌ಗುಡಬಾರದು ಅಂತ. ಕೆಳಗೆ ಮರಳು ತುಂಬಿದ ಪೆಟ್ಟಿಗೆಯಂಥ ಮಣೆ. ಒಂದೊಂದಕ್ಕೂ ಸದ್ದು ಒಂದೊಂದು ಚೂರು ತಿಳಿಯಾಯಿತು. ಮಾತು ಬೇರೆ, ಗುಂಯ್ ಬೇರೆ ಅಂತ ನನ್ನ ಕಿವಿಗೆ ಗೊತ್ತಾಗುತ್ತಿತ್ತು. ನಿನ್ನವ್ವನಿಗೆ ಇನ್ನೂ ಇಲ್ಲ. ಇನ್ನೊಂದು ಸ್ವಲ್ಪ ಸರಿಹೋದರೆ ಟೆಂಟಿನವರ ಮೈಕು ಕೇಳಿ ತಂದು ನನ್ನ ಮಾತನ್ನೇ ಕೇಳಿಸಿಬಿಡುತ್ತೇನೆ ಅಂತ ಶಂಕರನ್‌ಗೆ ಹೇಳಿದೆ. ಅವನು ಬೀಡಿ ತೆಗೆದು ನನ್ನನ್ನು ನೋಡಿದ. “ಸಾರೇ, ಮೈಕಲ್ಲಿ ಹೇಳಿದ್ರೆ ಬಸ್ ಸ್ಟ್ಯಾಂಡ್ ತನಕ ಕೇಳ್ತದೆ. ಪರವಾಗಿಲ್ವೋ?” ಒಂದು ತಿಂಗಳು ಒದ್ದಾಡಿದವನಿಗೆ ಇದು ಹೊಳೆದೇ ಇರಲಿಲ್ಲ ಅಂದರೆ ನಂಬುತ್ತೀಯಾ? ಕಿರುಚಲು ನಾಚಿಕೆ ಅಂತ ಊರಿಗೇ ಕಿರುಚುವ ಯಂತ್ರ ತಂದಿದ್ದೆ.

ಆಯುಧಪೂಜೆಯ ದಿನ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಮಂಡಿಯ ತಕ್ಕಡಿ, ಕಲ್ಲು, ಪೆಟ್ಟಿಗೆ ಎಲ್ಲಕ್ಕೂ ವಿಭೂತಿ ಬಳಿದು ಮನೆಗೆ ಬಂದೆ. ಶಂಕರನ್ ಯೂನಿಟ್ಟನ್ನು ಕಡೆಯ ಸಲ ಒರೆಸಿ, ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋಗಿದ್ದ. ಇದೂ ಆಯುಧವೇ ತಾನೆ? ಭಕ್ತಿಯಿಂದ ವಿಭೂತಿ ಗಟ್ಟಿ ತೇಯ್ದು ಆ ಬಿಲ್ಲೆಯ ಮೇಲೇ ಮೂರು ಬೆರಳಿನಲ್ಲಿ ಎಳೆದೆ, ಮುಚ್ಚಳ ಹಾಕಿ ತಿರುಪಿದೆ. ಬಿಲ್ಲೆಯ ಸುತ್ತ ಒಂದು ಎಳೆಯಷ್ಟು ಸಂದು ಇರುತ್ತದೆ, ತಂತಿ ಆಡುವುದು ಅಲ್ಲಿಯೇ. ವಿಭೂತಿ ಒಣಗಿ ಉದುರಿ ಆ ಸಂದಿಗೆ ಸೇರಿತು. ಸಂಜೆ ರೇಡಿಯೊ ಹಾಕಿದರೆ ಹಾಡುವವರ ಗಂಟಲಿಗೆ ಮರಳು ಸುರಿದಂತೆ ಕರಕರ. ಹಬ್ಬದ ಮಾರನೆಯ ದಿನ ಶಂಕರನ್ ಬಿಚ್ಚಿ ನೋಡಿ, ಬೆರಳಿಗೆ ಅಂಟಿದ್ದನ್ನು ಭಕ್ತಿಯಿಂದ ತನ್ನ ಹಣೆಗೇ ಹಚ್ಚಿಕೊಂಡ. ಯೂನಿಟ್ಟನ್ನು ಎತ್ತಿ ಪಡಸಾಲೆಗೆ ಒಯ್ದು ಕುಂಚದಿಂದ ಕೊಡವುತ್ತ ಕೂತ. ಕೊಂಬು ಬರಿಗೊರಳಿನಲ್ಲಿ ನಿಂತಿತು. ಮಲ್ಲಣ್ಣ ಬರಲು ಇನ್ನೆರಡೇ ದಿನ.

ನಾನು ಕೊಂಬಿನ ಬಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಳಗಿನ ಧೂಳು ಒರೆಸುತ್ತಿದ್ದೆ. ಬೇಜಾರಿಗೆ ನನ್ನಷ್ಟಕ್ಕೆ ನಾನೇ ಗೊಣಗಿದೆ, ಈವತ್ತಿನ ಬಸ್ಸಾರು ಬೇರೆ ಬರೀ ಖಾರ, ನಾಲಗೆ ಸುಟ್ಟುಹೋಯಿತು ಅಂತ. ಕೊಂಬಿನ ಹಿಂದಿನಿಂದ ಉತ್ತರ ಬಂತು. “ಕಾರ ಆಗಿದ್ರೆ ಉಣ್ಣುವಾಗ್ಲೇ ಏಳ್ಬೇಕಿತ್ತು ಅಳಿದೇವ್ರೆ. ಎಲ್ಡು ದಪ ಸಾರು ಬುಡುಸ್ಕಂಡ್ರಲ್ಲ.”

ಬಗ್ಗಿ ನೋಡಿದರೆ, ನಿನ್ನವ್ವ ಹಿಂದೆ ಕಸ ಗುಡಿಸಲು ಹೋದವರು ದಣಿದು ಮಣೆಯ ಮೇಲೆ ಕೂತು, ಕೊಂಬಿಗೆ ತಲೆ ಆನಿಸಿದ್ದಾರೆ. ಕಿವಿ ಸರಿಯಾಗಿ ಆ ತೂತಿನ ಮೇಲೆ. ಅವರಿಗೂ ಅದೇ ಆಗ ಗೊತ್ತಾಗಿರಬೇಕು, ಎದ್ದು ಸುತ್ತಿ ಬಂದು ನನ್ನ ಮುಖ ನೋಡಿದರು, ಮತ್ತೆ ಹಿಂದೆ ಹೋದರು. ಸಣ್ಣ ಸದ್ದನ್ನು ದೊಡ್ಡದು ಮಾಡಿ ಆಚೆ ಕಳಿಸುವ ಕೊಂಬು, ದೊಡ್ಡ ಬಾಯಿಗೆ ಬಿದ್ದದ್ದನ್ನೆಲ್ಲ ಗುಡ್ಡೆ ಹಾಕಿ ಆ ಸಣ್ಣ ತೂತಿಗೂ ತರುತ್ತದೆ. ಕಾಲೇಜಿನಲ್ಲಿ ಇಂಥದ್ದಕ್ಕೆ ವೈಸ್ ವರ್ಸಾ ಅನ್ನುತ್ತಿದ್ದರು ಅಂತ ಕಾಣುತ್ತದೆ. ಬ್ಯಾಟರಿ ಬೇಡ, ರೇಡಿಯೊ ಬೇಡ, ಬೀದಿಗೆ ಕೇಳುವುದೂ ಇಲ್ಲ.

ಶಂಕರನ್‌ನನ್ನು ಟೀ ಕುಡಿದು ಬಾ ಅಂತ ಕಳಿಸಿದೆ. ಒಂದೆರಡು ಸಲ ಕೆಮ್ಮಿದೆ. ಕೇಳಿಸುತ್ತದೆ, ಹೇಳಿ ಅಂದರು ಹಿಂದಿನಿಂದ. ಪಾಠ ಒಪ್ಪಿಸುವವನ ಹಾಗೆ ಒಂದೇ ಉಸಿರಿನಲ್ಲಿ ನಿನ್ನ ಮೂರು ಮಾತನ್ನೂ ಒಪ್ಪಿಸಿದೆ, ನಾನಾಗಿ ಏನೂ ಸೇರಿಸಿಲ್ಲ ಅಂತಲೂ ಹೇಳಿದೆ. ನಂಬಲಿಲ್ಲವೋ ಏನೋ ಅಂತ ನಾನು… ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು. “ಅಷ್ಟೇಯಾ? ತೌರಲ್ಲಿ ಇಟ್ಕಂಡು ಆರೈಕೆ ಮಾಡ್ನಿಲ್ಲ ಅಂತ ಬೈದ್ಬುಟ್ಟು ಓದ್ಲೇನೋ ಅನ್ಕಂಡಿದ್ನಲ್ಲಪ್ಪ.” ಹಾಗಂದು ನಕ್ಕರು. ನೀನು ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಸೋಮವಾರ ಮಲ್ಲಣ್ಣ ಬಂದ. ಗಂಟು ಎಲ್ಲಿ ಅಂತ ಕೂಗಿ ಕೇಳಿದ. ನಿನ್ನವ್ವ ಅವನನ್ನು ಕೊಂಬಿನ ಮುಂದೆ ಕೂರಿಸಿ ತಾವು ಹಿಂದೆ ಹೋಗಿ ಕೂತು, ಈಗ ಮೆಲ್ಲಗೆ ಮಾತಾಡು ಅಂದರು. ಅವನು ನನ್ನ ಕಡೆ ಅನುಮಾನದಿಂದ ನೋಡಿದ. ತಾಯಿಮಗನ ಮಾತು ನಾನು ಕೇಳಬಾರದು ಅಂತ ಪಡಸಾಲೆಗೆ ಎದ್ದು ಬಂದೆ. ಕಡೆಯದೊಂದು ಮಾತ್ರ ಕೇಳಿಸಿತು, ನಿನ್ನವ್ವನ ದನಿ ನಿನಗೆ ಗೊತ್ತಲ್ಲ: “ನಾ ಬರಕಿಲ್ಲ ಕಣ್ಲಾ. ನನ್ ಮಗ್ಳು ಕೆಲ್ಸ ಏಳ್ಬುಟ್ಟು ಓಗವ್ಳೆ.” ಮಲ್ಲಣ್ಣ ಊಟ ಮುಗಿಸಿ ಒಬ್ಬನೇ ಬಸ್ಸು ಹತ್ತಿದ.

ಶಂಕರನ್ ಯೂನಿಟ್ಟು ಸರಿಮಾಡಿ ತಂದಿದ್ದಾನೆ. ತಿರುಪಲು ಬಂದಾಗಲೆಲ್ಲ ನಿನ್ನವ್ವ ಅವನಿಗೆ ಮಜ್ಜಿಗೆ ಕೊಟ್ಟು ಹಿಂದಕ್ಕೆ ಕಳಿಸುತ್ತಾರೆ. ತಗಡಿನಲ್ಲಿ ಒಂದು ಸಣ್ಣ ಕೊಂಬು ಮಾಡಿಸಿಕೊಡುತ್ತೇನೆ, ಅವರು ಕೈಯಲ್ಲಿ ಹಿಡಿದು ಅಡುಗೆ ಮನೆಗೂ ಜಗಲಿಗೂ ಓಡಾಡಬಹುದು. ದೀಪಾವಳಿಯೊಳಗೆ ಮಾಡಿಸುತ್ತೇನೆ, ಇದು ನಿನಗೆ ಕೊಟ್ಟ ಮಾತು.

ಇವತ್ತು ಬೆಳಿಗ್ಗೆ ಅವರು ತಾವಾಗಿ ಹಿಂದೆ ಹೋಗಿ ಕೂತು ನನ್ನನ್ನು ಕರೆದರು. ಇನ್ನೊಂದು ಸಲ ಹೇಳಬೇಕಂತೆ. “ಅವತ್ತು ಏಳ್ದಂಗಲ್ಲ ಅಳಿದೇವ್ರೆ, ಅದು ಲೆಕ್ಕ ಒಪ್ಸಿದಂಗಿತ್ತು. ಅವ್ಳು ಏಳ್ದಂಗೆ ಏಳಿ, ಮೆಲ್ಲುಗೆ.” ನನಗೆ ನಿನ್ನ ಹಾಗೆ ಎಲ್ಲಿ ಬರುತ್ತದೆ? ಆದರೂ ಕೊಂಬಿನೊಳಗೆ ತಲೆಯಿಟ್ಟು, ಕಣ್ಣು ಮುಚ್ಚಿಕೊಂಡು, ನೀನು ಎಲ್ಲಿ ಉಸಿರು ತೆಗೆದುಕೊಂಡೆಯೋ ಅಲ್ಲೇ ನಾನೂ ತೆಗೆದುಕೊಂಡು ಹೇಳಿದೆ. ಹೂಂ ಅಂದರು ಅವರು. ನಿನಗೆ ಅನ್ನಬೇಕಾಗಿದ್ದ ಹೂಂ ಅದು, ತಡವಾಗಿ ಬಂದಿದೆ, ತೆಗೆದುಕೋ.

ಅಡುಗೆ ಮನೆಯಲ್ಲಿ ಊಟಕ್ಕೆ ಎರಡು ತಣಿಗೆ ಇಟ್ಟ ಸದ್ದಾಯಿತು. ಏಳುತ್ತೇನೆ.

ಇಂತಿ ನಿನ್ನವನೇ ಆದ
ಶಿವಬಸಪ್ಪ