ರಿಟರ್ನ್ ಬಟನ್

ಶಿವಾರಪಟ್ಟಣ

ಗಂಗಾಧರ್ ಸರ್ ಅವರಿಗೆ ನಮಸ್ಕಾರ.

ಕೋಲಾರದ ಆ್ಯಪ್ ತರಬೇತಿಯಲ್ಲಿ ನೀವು ಹೇಳಿಕೊಟ್ಟ ಹಾಗೇ, ಅಪ್ಪ ಕೆತ್ತುವ ವಿಗ್ರಹಗಳ ಆ್ಯಪ್‌ನಲ್ಲಿ ರಿಟರ್ನ್ ಬಟನ್ ದೊಡ್ಡದಾಗಿ ಇಟ್ಟೆ. ನಿನ್ನೆ ಒಂದು ಗಣಪತಿ ವಾಪಸ್ ಬಂತು. ಕಾರಣ, "ಶೋಕೇಸಿಗೆ ಹೊಂದಲಿಲ್ಲ." ಹಣೆಯಲ್ಲಿ ಕುಂಕುಮ ಹಾಗೇ ಇತ್ತು.

ಪೂಜೆಯಾದ ದೇವರನ್ನು ನಾವು ಮತ್ತೆ ಮಾರೋದಿಲ್ಲ, ಉಳಿಯನ್ನೂ ತಾಕಿಸೋದಿಲ್ಲ. ಅಪ್ಪ ಅದನ್ನು ಕೆಲಸದ ಜಾಗದಲ್ಲೇ ಕೂರಿಸಿ ದೀಪ ಹಚ್ಚಿದ್ದಾರೆ. ಬೇರೆ ಕಲ್ಲು ಮುಟ್ಟಿಲ್ಲ. "ದೇವರನ್ನ ಬೇಡ ಅನ್ನೋದಕ್ಕೂ ಒಂದು ಬಟನ್ ಇಟ್ಟೆಯಾ ತಾಯಿ?" ಅಂತ ಕೇಳಿದರು.

ಬಟನ್ ತೆಗೆದಿದ್ದೀನಿ. ಮುಂದಿನ ಬ್ಯಾಚಿಗೆ ನನ್ನ ಆ್ಯಪ್ ತೋರಿಸಬೇಡಿ.

ಗಿರಾಕಿ ಮಾತ್ರ ಐದು ಸ್ಟಾರ್ ಕೊಟ್ಟಿದ್ದಾರೆ ಸರ್. "ವಾಪಸ್ ಕೊಡೋದು ತುಂಬಾ ಸುಲಭ" ಅಂತ ಬರೆದಿದ್ದಾರೆ.

ನಿಮ್ಮ ಪಾಠ ತಪ್ಪದೆ ಒಪ್ಪಿಸಿದ,
ಮೌನಿಕಾ