ನೀರಿನವರೆಗೆ ಕೇಳಿದ ಕಥೆ

ಅಮ್ಮಾ,

ಇವತ್ತು ಚರ್ಚಿನಲ್ಲಿ ದೃಢೀಕರಣ ಸಂಸ್ಕಾರಕ್ಕೆ ಹೆಸರು ಕೊಡಲು ಹೋದಾಗ ಫಾದರ್ ಜ್ಞಾನಸ್ನಾನದ ಸರ್ಟಿಫಿಕೇಟ್ ಕೇಳಿದರು. ಇಲ್ಲ ಎಂದೆ. ಹುಟ್ಟಿದಾಗಲೇ ನಾನು ನೀಲಿಗಟ್ಟಿದ್ದು, ಉಳಿಯುವುದಿಲ್ಲವೆಂದು ನೀನೇ ಲೋಟದ ನೀರನ್ನು ನನ್ನ ತಲೆಗೆ ಹಾಕಿ ಜ್ಞಾನಸ್ನಾನ ಕೊಟ್ಟಿದ್ದು, ಎಲ್ಲ ಹೇಳಿದೆ.

"ಅಂಥ ಹೊತ್ತಲ್ಲಿ ಯಾರು ಕೊಟ್ರೂ ನಡೆಯುತ್ತಮ್ಮ. ಆದ್ರೆ ನೀರು ಹಾಕ್ತಾ ಏನಂದ್ರು? 'ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ' ಅನ್ನೋ ಮಾತು ಸರಿಯಾಗಿ ಹೇಳಿದ್ರೆ ಇನ್ನೊಂದು ಸಲ ಕೊಡೋ ಹಾಗೇ ಇಲ್ಲ. ಜೀವಮಾನಕ್ಕೆ ಒಂದೇ. ಅಮ್ಮನ್ನ ಕೇಳು."

"ಅಮ್ಮ ಹೋಗಿ ಆರು ತಿಂಗಳಾಯ್ತು, ಫಾದರ್."

ನೀನು ಈ ಕಥೆ ತೆಗೆದಾಗಲೆಲ್ಲ ನಾನು ಹಾಸ್ಟೆಲ್ ಫೋನಿನಲ್ಲಿ, "ಗೊತ್ತಮ್ಮಾ, ನೂರು ಸಲ ಹೇಳಿದೀಯ, ಹಿಂದೆ ಕ್ಯೂ ಇದೆ" ಎನ್ನುತ್ತಿದ್ದೆ. ನೀರಿನವರೆಗೆ ಮಾತ್ರ ಕೇಳಿದ್ದೇನೆ.

"ಅಳಬೇಡ. ಭಾನುವಾರ 'ನಿನಗೆ ಜ್ಞಾನಸ್ನಾನ ಆಗಿರದಿದ್ದರೆ' ಅಂತ ಸೇರಿಸಿ ಕೊಡ್ತೀನಿ. ಆಗಿದ್ರೆ ಅಮ್ಮ ಕೊಟ್ಟಿದ್ದೇ ನಿಲ್ಲುತ್ತೆ" ಎಂದರು ಫಾದರ್.

ಹೂಂಗುಟ್ಟಿ ಬಂದೆ. ಆ 'ಆಗಿರದಿದ್ದರೆ'ಗೆ ತಲೆ ಬಗ್ಗಿಸಿದರೆ ನಿನ್ನನ್ನು ನಂಬಲಿಲ್ಲ ಎಂದಾಗುತ್ತದೆಯೇ? ಬಗ್ಗಿಸದಿದ್ದರೆ, ಆಗಿದೆಯೋ ಇಲ್ಲವೋ ಎಂದು ಜೀವಮಾನವಿಡೀ ಅನುಮಾನ.

ಭಾನುವಾರಕ್ಕೆ ಇನ್ನೂ ಮೂರು ದಿನವಿದೆ. ನೀನು ಲೋಟ ಎತ್ತಿದೆ, ನೀರು ಹಾಕಿದೆ. ಹಾಕುತ್ತಾ ಏನಂದೆ? ನಿಧಾನವಾಗಿ ಹೇಳಮ್ಮ, ನನ್ನ ಹಿಂದೆ ಯಾರೂ ಇಲ್ಲ.